ಬಟನ್

ಮುಂದಿನ ಎರಡು ಟೈರಿನ ಬಟನ್ ಹೋಗಿದೆ ಎಂದು
ಮೊದಲು ಹೇಳಿದ್ದು ಹಳೇ ಮೈಸೂರು ರಸ್ತೆ.
ಇಂಡುವಾಳಿನ ಹತ್ತಿರ ತುಂತುರಿನಲ್ಲಿ ಬ್ರೇಕ್ ಒತ್ತಿದರೆ
ಗಾಡಿ ಒಂದು ಗಳಿಗೆ ಯೋಚಿಸಿತು,
ಆಮೇಲೆ ನಿಂತಿತು.
ಆ ಗಳಿಗೆಯ ಬಾಡಿಗೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಗುತ್ತಲು ರಸ್ತೆಯಲ್ಲಿ ಮಕ್ಬೂಲ್ ಪಾಷ
ಒಂದು ರೂಪಾಯಿ ನಾಣ್ಯವನ್ನು ಗೆರೆಯೊಳಗೆ ಇಳಿಸಿ ನೋಡಿದ.
ನಾಣ್ಯ ನಿಲ್ಲಲಿಲ್ಲ, ಅವನ ಅಂಗೈಗೇ ಬಿತ್ತು.
'ಇದು ಟೈರಲ್ಲ ಸ್ವಾಮಿ, ಬೋಳುತಲೆ' ಅಂದ.
ನಾನು ಟೋಪಿ ಸರಿ ಮಾಡಿಕೊಂಡೆ.

ಸ್ಟೇಷನ್ ಮುಂದಿನ ಸ್ಟ್ಯಾಂಡಿನಲ್ಲಿ
ಟೈರಿನ ಮಾತೆತ್ತಿದರೆ ಜೇನುಗೂಡಿಗೆ ಕಲ್ಲು.
ಜವರಪ್ಪನಿಗೆ ಗಟ್ಟಿ ರಬ್ಬರೇ ಆಗಬೇಕು:
'ಅರವತ್ತು ಸಾವ್ರ ಓಡ್ಲಿಲ್ಲ ಅಂದ್ರೆ ಅದ್ಯಾವ ಟೈರ್ಲಾ, ಚಪ್ಲಿ.'
ಅವನ ಗಾಡಿ ಹತ್ತಿದವರ ಬೆನ್ನುಮೂಳೆ
ಒಂದೊಂದೇ ಹಂಪನ್ನು ಎಣಿಸಿ ಇಳಿಯುತ್ತದೆ.
ಸ್ಕೂಲ್ ವ್ಯಾನಿನ ಲೂರ್ದ್ ಮೇರಿ ಹಾಕಿಸಿರುವುದು ಮೆತ್ತನೆಯದು.
ಸವೆದರೆ ಸವೆಯಲಿ, ಮಳೆಯಲ್ಲಿ ನೆಲ ಕಚ್ಚಿ ನಿಲ್ಲುತ್ತಲ್ಲ,
ಒಳಗೆ ಇಪ್ಪತ್ತೊಂದು ಟಿಫಿನ್ ಡಬ್ಬಿ, ಅನ್ನುತ್ತಾಳೆ.
ಅವಳು ಮಕ್ಕಳನ್ನು ಎಣಿಸುವುದೇ ಡಬ್ಬಿ ಲೆಕ್ಕದಲ್ಲಿ.

ಬೆಟ್ಟಸ್ವಾಮಿ ಒಂದು ಸಲ ರೀಬಟನ್ ಹಾಕಿಸಿದ್ದ.
ಅದು ತೂಬಿನಕೆರೆ ಹತ್ತಿರ ಸುಲಿದು ಸುರುಳಿಯಾಗಿ ಹಾರಿ
ಹಿಂದೆ ಬರುತ್ತಿದ್ದ ಬೈಕಿನವನ ಮುಂದೆ ಬಿತ್ತು.
ಅವನು ಹಾವೆಂದು ತಿಳಿದು ಗದ್ದೆಗೇ ಇಳಿಸಿದನಂತೆ.
ಆವತ್ತಿನಿಂದ ಈ ವಿಷಯ ಬಂದರೆ
ಬೆಟ್ಟಸ್ವಾಮಿ ಮಾತಾಡುವುದಿಲ್ಲ, ಬೀಡಿ ಹಚ್ಚುತ್ತಾನೆ.

ನಾಲ್ಕು ತೊಗೊಳ್ಳುವ ತಾಕತ್ತಿರಲಿಲ್ಲ. ಎರಡು ತೊಗೊಂಡೆ,
ಮೆತ್ತನೆಯದೇ. ಯಾಕೆಂದು ಕೇಳಿದ ಜವರಪ್ಪನಿಗೆ
ಆ ಗಳಿಗೆಯ ಕತೆ ಹೇಳಲಿಲ್ಲ, ಆಫರ್ ಇತ್ತು ಅಂದೆ.
ಮನೆ ಮುಂದೆ ನಿಲ್ಲಿಸಿದರೆ ಮಗಳು ಕುಕ್ಕರಗಾಲಲ್ಲಿ ಕೂತು
ಹೊಸ ರಬ್ಬರಿನ ಮೇಲಿನ ಸಣ್ಣ ಸಣ್ಣ ಕೂದಲನ್ನೆಲ್ಲ
ಒಂದೊಂದಾಗಿ ಕಿತ್ತಳು.
'ಅಪ್ಪ, ಇದಕ್ಕೆ ನೋಯಲ್ವಾ?'

ಎಂಟನೇ ದಿನ ಮೈಸೂರಿನ ದೊಡ್ಡಾಸ್ಪತ್ರೆಯಿಂದ ವಾಪಸ್ಸು.
ಹಿಂದಿನ ಸೀಟಿನಲ್ಲಿ ಅಕ್ಕ ತಂಗಿ.
'ಡಾಕ್ಟ್ರು ನಿಂಗೆ ಹೇಳಿದ್ದ ನಂಗೆ ಹೇಳಲ್ವಾ?'
ಗಣಂಗೂರು ಕಳೆದರೂ ಉತ್ತರ ಬರಲಿಲ್ಲ.
ಎರಡು ವರ್ಷ ಹಳೇ ಟೈರು ಗುಂಯ್ ಅನ್ನುತ್ತಾ
ನನ್ನ ಕಿವಿಯನ್ನು ಕಾದಿತ್ತು ಎಂದು ಆಗ ಗೊತ್ತಾಯಿತು.
ಈಗ ಬಳೆ ಸದ್ದು ಕೇಳುತ್ತದೆ,
ಎಕ್ಸ್‌ರೇ ಕವರು ಸರಸರ ಎನ್ನುವುದು ಕೇಳುತ್ತದೆ,
ತಂಗಿ ಉಗುಳು ನುಂಗಿದ್ದೂ ಕೇಳಿಸಿತು.
ಖಾಲಿ ರಸ್ತೆಯಲ್ಲಿ ಸುಮ್ಮನೆ ಒಂದು ಸಲ ಹಾರನ್ ಹೊಡೆದೆ.

ಕಳಚಿದ ಎರಡನ್ನು ಮಕ್ಬೂಲ್ ಟೆಂಪೋಗೆ ಹಾಕಿದ್ದ,
ಎಲ್ಲಿಗೆ ಎಂದು ಆಗ ನಾನು ಕೇಳಿರಲಿಲ್ಲ.
ತಿಂಗಳ ಮೇಲೆ ಬೆಲ್ಲಕ್ಕೆಂದು ಆಲೆಮನೆಗೆ ಹೋದರೆ
ಒಲೆಯ ಬಾಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ,
ಪಕ್ಕೆಯಲ್ಲಿ ಸೀಮೆಸುಣ್ಣದಲ್ಲಿ ಬರೆದ ನನ್ನ ಗಾಡಿ ನಂಬರು,
ಕೊನೆಯ ಎರಡು ಅಂಕಿ ಇನ್ನೂ ಹತ್ತಿರಲಿಲ್ಲ.
'ಸಿಪ್ಪೆ ಹಸಿ ಅದೆ ಕಣಣ್ಣ, ಇದಿಲ್ದೆ ಕಾವೇರಲ್ಲ' ಎಂದ ನಿಂಗರಸ,
ಯಾರಾದರೂ ಬಂದರೇನೋ ಎಂದು ಗೇಟಿನ ಕಡೆ ನೋಡುತ್ತಾ.
ಕರೀ ಹೊಗೆ ತೆಂಗಿನ ಗರಿಗಳ ನಡುವೆ ನುಸುಳಿ
ಮೈಸೂರಿನ ದಿಕ್ಕಿಗೇ ಹೊರಟಿತ್ತು,
ರೂಢಿ ತಪ್ಪದವರ ಹಾಗೆ.

ಕೊಪ್ಪರಿಗೆಯ ಅಂಚಿನಿಂದ ಗೀರಿ
ಕಬ್ಬಿನ ಜಲ್ಲೆಯ ತುದಿಯಲ್ಲಿ ಬಿಸಿಬೆಲ್ಲ ಕೊಟ್ಟ.
ನಲವತ್ತೆಂಟು ಸಾವಿರ ಕಿಲೋಮೀಟರ್,
ಬಾಣಂತಿಯರು, ಮದುವೆ ಗಂಡುಗಳು, ಒಂದು ಹೆಣ,
ಬಾಡಿಗೆ ಕೊಡದೆ ಹೋದ ಇಬ್ಬರು.
ಊದಿ ಊದಿ ತಿಂದೆ. ಸಿಹಿಯಾಗೇ ಇತ್ತು.

ಎರಡು ಅಚ್ಚು ಕಟ್ಟಿಸಿಕೊಂಡು ಹೊರಟೆ.
ಎಷ್ಟು ಒರೆಸಿದರೂ ಸ್ಟೇರಿಂಗು
ಮನೆಯವರೆಗೂ ಕೈಗೆ ಅಂಟುತ್ತಲೇ ಇತ್ತು.